‘ಭೇದಿ: ಇಲ್ಲ’ – ಇಮ್ಯುನೋಥೆರಪಿಯ ನಡುವೆ ಕೈತಪ್ಪಿದ ಏಳು ದಿನಗಳ ಪ್ರಕರಣ

ಚಿಕಿತ್ಸೆ ಶುರುವಾದ 42ನೇ ದಿನ ಬೆಳಗ್ಗೆ ಆಸ್ಪತ್ರೆಯ ಡೇ ಕೇರ್‌ನಲ್ಲಿ ನರ್ಸ್ ಕೇಳಿದ ಪ್ರಶ್ನೆಯೂ ರೋಗಿ ಕೊಟ್ಟ ಉತ್ತರವೂ ಕೇಸ್ ಶೀಟಿನಲ್ಲಿವೆ. ‘ಭೇದಿ: ಇಲ್ಲ.’ ಅದರ ಕೆಳಗೆ ನನ್ನ ಸಹಿ. ಒಂದು ಗಂಟೆಯ ನಂತರ ಇಮ್ಯುನೋಥೆರಪಿಯ – ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆಯ – ಮೂರನೇ ಡೋಸಿನ ಡ್ರಿಪ್ ಶುರುವಾಯಿತು. ಅಷ್ಟರಲ್ಲಾಗಲೇ ಅವರ ಹೊಟ್ಟೆ ಕೆಟ್ಟು ಆರು ದಿನವಾಗಿತ್ತು. ಅದು ಆ ಕೋಣೆಯಲ್ಲಿದ್ದ ಇಬ್ಬರಿಗೆ ಗೊತ್ತಿತ್ತು: ರೋಗಿಗೆ ಮತ್ತು ಅವರ ಮಗಳಿಗೆ. ಗೊತ್ತಿಲ್ಲದವರು ನಾವು ಮಾತ್ರ.

ಹಿನ್ನೆಲೆ

ಗುರುತು ಸಿಗದಂತೆ ವಯಸ್ಸು, ಕುಟುಂಬದ ವಿವರ, ಕೆಲವು ಅಂಕಿಗಳನ್ನು ಬದಲಿಸಿದ್ದೇನೆ. ರೋಗಿಯನ್ನು ಇಲ್ಲಿ ‘ಅಮ್ಮ’ ಎಂದೇ ಕರೆಯುತ್ತೇನೆ. ವಾರ್ಡಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಅಮ್ಮನ ವಯಸ್ಸು ಅರವತ್ತರ ಹತ್ತಿರ. ಬೆನ್ನಿನ ಮೇಲಿದ್ದ ಹಳೆಯ ಮಚ್ಚೆ ಬಣ್ಣ ಬದಲಿಸಿ ಅಂಚು ಹರಡಿಕೊಂಡಾಗ ತೆಗೆಸಿದ್ದರು. ಮೆಲನೋಮ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಎಂದು ವರದಿ ಬಂತು. ಎರಡು ವರ್ಷ ಎಲ್ಲ ಸುಮ್ಮನಿತ್ತು. ಮೂರನೇ ವರ್ಷದ ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಗಂಟುಗಳು, ಕಂಕುಳಲ್ಲಿ ಊದಿಕೊಂಡ ದುಗ್ಧಗ್ರಂಥಿ. ಬಿ-ರಾಫ್ ಜೀನಿನಲ್ಲಿ ರೂಪಾಂತರ ಇರಲಿಲ್ಲ, ಹಾಗಾಗಿ ಅದನ್ನು ಗುರಿಯಾಗಿಸುವ ಮಾತ್ರೆಗಳಿಂದ ಪ್ರಯೋಜನವಿರಲಿಲ್ಲ. ಇಪಿಲಿಮುಮಾಬ್ ಮತ್ತು ನಿವೊಲುಮಾಬ್ ಎರಡನ್ನೂ ಜೊತೆಯಾಗಿ, ಮೂರು ವಾರಕ್ಕೊಮ್ಮೆ, ನಾಲ್ಕು ಸಲ ಕೊಡುವುದೆಂದು ತೀರ್ಮಾನವಾಯಿತು.

ಈ ಜೋಡಿಯನ್ನು ಆರಿಸಿದ್ದಕ್ಕೆ ಗಟ್ಟಿ ಕಾರಣವಿತ್ತು. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನಮ್ಮ ಟಿ ಕೋಶಗಳು ಮಿತಿಮೀರಿ ಕೆರಳದಂತೆ ದೇಹ ಅವಕ್ಕೆ ಹಾಕಿರುವ ಕಡಿವಾಣಗಳಲ್ಲಿ ಎರಡು ಸಿಟಿಎಲ್‌ಎ-4 ಮತ್ತು ಪಿಡಿ-1. ಇವುಗಳ ಮೇಲಿನ ಕೆಲಸಕ್ಕೇ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಿಕ್ಕಿದ್ದು. ಇಪಿಲಿಮುಮಾಬ್ ಮೊದಲನೆಯದನ್ನು ಸಡಿಲಿಸುತ್ತದೆ, ನಿವೊಲುಮಾಬ್ ಎರಡನೆಯದನ್ನು. 945 ಮಂದಿ ಭಾಗವಹಿಸಿದ್ದ ‘ಚೆಕ್‌ಮೇಟ್ 067’ ಪ್ರಯೋಗದ ಹತ್ತು ವರ್ಷಗಳ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಮುಂದುವರಿದ ಮೆಲನೋಮದಲ್ಲಿ ಬದುಕಿನ ಅವಧಿಯ ಮಧ್ಯಾಂಕ (ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) ಇಪಿಲಿಮುಮಾಬ್ ಒಂದನ್ನೇ ಪಡೆದವರಲ್ಲಿ 19.9 ತಿಂಗಳಿದ್ದರೆ, ಜೋಡಿ ಪಡೆದವರಲ್ಲಿ 71.9 ತಿಂಗಳು. ಮೆಲನೋಮದ ವಾರ್ಡುಗಳಲ್ಲಿ ಹಿಂದೆ ಕೆಲಸ ಮಾಡಿದವರಿಗೆ ಈ ಸಂಖ್ಯೆ ಓದಿದಾಗ ಕಣ್ಣು ಉಜ್ಜಿಕೊಂಡು ಮತ್ತೊಮ್ಮೆ ನೋಡಬೇಕೆನಿಸುತ್ತದೆ. ಆದರೆ ಅದೇ ಪ್ರಯೋಗದಲ್ಲಿ ಜೋಡಿ ಪಡೆದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ತೀವ್ರ ಅಡ್ಡಪರಿಣಾಮಗಳನ್ನು ಅನುಭವಿಸಿದರು. ಕಡಿವಾಣ ಬಿಚ್ಚಿದ ಟಿ ಕೋಶ ಗಡ್ಡೆ ಯಾವುದು, ಕರುಳು ಯಾವುದು ಎಂದು ಸದಾ ಭೇದ ಮಾಡುವುದಿಲ್ಲ. ಚರ್ಮ, ಕರುಳು, ಪಿತ್ತಜನಕಾಂಗ, ಥೈರಾಯ್ಡ್, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಅಪರೂಪಕ್ಕೆ ಹೃದಯ – ಎಲ್ಲಿ ಬೇಕಾದರೂ ಉರಿಯೂತ ಏಳಬಹುದು.

ಇದನ್ನೆಲ್ಲ ಅಮ್ಮನಿಗೂ ಮಗಳಿಗೂ ಮುಕ್ಕಾಲು ಗಂಟೆ ಕೂತು ಹೇಳಿದ್ದೆ. ಕೊನೆಯಲ್ಲಿ ನಾನು ಹೇಳಿದ ಒಂದು ವಾಕ್ಯ ಇಲ್ಲಿ ಮುಖ್ಯ: “ಭೇದಿ ಶುರುವಾದರೆ ಕೂಡಲೇ ತಿಳಿಸಿ, ಔಷಧಿ ನಿಲ್ಲಿಸಬೇಕಾಗಬಹುದು.” ವೈದ್ಯನ ಕಿವಿಗೆ ಇದು ಎಚ್ಚರಿಕೆ. ಬದುಕುವುದಕ್ಕೆ ಇದೊಂದೇ ದಾರಿ ಎಂದು ನಂಬಿಕೊಂಡು ಕೂತವರ ಕಿವಿಗೆ ಅದು ಬೇರೆಯಾಗಿಯೇ ಬಿದ್ದಿತ್ತು ಎಂಬುದು ನನಗೆ ತಿಳಿದದ್ದು ಎರಡು ತಿಂಗಳ ನಂತರ.

ಅರ್ಧ ನಿಜವಾದ ಒಂದು ಓದು

ಮಗಳು ತುಂಬಾ ಓದುವವಳು. ಉರಿಯೂತ ಕ್ಯಾನ್ಸರನ್ನು ಬೆಳೆಸುತ್ತದೆ ಎಂದು ಅವಳು ಓದಿದ್ದಳು. ಓದಿದ್ದು ಸುಳ್ಳಲ್ಲ. ಗಡ್ಡೆಗಳೊಳಗೆ ಬಿಳಿ ರಕ್ತಕಣಗಳು ಸೇರಿರುವುದನ್ನು ರುಡಾಲ್ಫ್ ವಿರ್ಕೋ 1863ರಲ್ಲೇ ಗಮನಿಸಿದ್ದ. ಗಡ್ಡೆಗಳು ಮಾಯದ ಗಾಯಗಳಿದ್ದಂತೆ ಎಂದು ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಬರೆದ. ಜಠರದಲ್ಲಿ ವರ್ಷಗಟ್ಟಲೆ ಉರಿಯೂತ ಎಬ್ಬಿಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನು 1994ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಲಾಯಿತು. ಬಹುಕಾಲದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಉರಿಯೂತ) ಇರುವವರಲ್ಲಿ ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚು. 2017ರಲ್ಲಿ ಪ್ರಕಟವಾದ ‘ಕ್ಯಾಂಟೋಸ್’ ಪ್ರಯೋಗದಲ್ಲಿ ಹೃದಯಾಘಾತವಾಗಿದ್ದ 10,061 ಮಂದಿಯ ಪೈಕಿ ಒಂದು ಉರಿಯೂತ ತಡೆ ಔಷಧಿ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡಿತು.

ಓದು ಅಲ್ಲಿಗೇ ನಿಂತಿತ್ತು. ಕ್ಯಾಂಟೋಸ್‌ನ ಅದೇ ಔಷಧಿಯನ್ನು ಮುಂದೆ ಶ್ವಾಸಕೋಶದ ಕ್ಯಾನ್ಸರ್ ಆಗಲೇ ಇದ್ದವರ ಮೇಲೆ ಚಿಕಿತ್ಸೆಯಾಗಿ ಪರೀಕ್ಷಿಸಿದಾಗ ಎಣಿಸಿದ ಫಲ ಸಿಗಲಿಲ್ಲ ಎಂಬ ಭಾಗ ಅವಳಿಗೆ ಸಿಕ್ಕಿರಲಿಲ್ಲ. ಗಡ್ಡೆಗೆ ನೆರವಾಗುವ ದೀರ್ಘಕಾಲದ ಉರಿಯೂತ ಒಂದು ಬಗೆ. ಗಡ್ಡೆಯನ್ನು ಕೊಲ್ಲಲು ಟಿ ಕೋಶಗಳು ಎಬ್ಬಿಸುವ ಉರಿಯೂತ ಇನ್ನೊಂದು. ಅಮ್ಮನಿಗೆ ಕೊಡುತ್ತಿದ್ದ ಔಷಧಿ ಬೇಕೆಂದೇ ಎರಡನೆಯದನ್ನು ಎಬ್ಬಿಸುವಂಥದ್ದು. ಎರಡಕ್ಕೂ ನಾವು ಒಂದೇ ಪದ ಬಳಸುತ್ತೇವೆ; ಮಗಳು ಎರಡನ್ನೂ ಒಂದೇ ಎಂದುಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಾಗಾಗಿ ಮೊದಲ ಡೋಸ್ ಆದ ವಾರದಿಂದಲೇ ಅಮ್ಮ ದಿನಕ್ಕೆರಡು ಐಬುಪ್ರೊಫೇನ್ ನುಂಗುತ್ತಿದ್ದರು. ನೋವಿಗಲ್ಲ, ‘ಉರಿಯೂತ ಇಳಿಯಲಿ’ ಎಂದು. ಇಪಿಲಿಮುಮಾಬ್ ಪಡೆಯುವವರಲ್ಲಿ ಈ ವರ್ಗದ ನೋವುನಿವಾರಕಗಳ ಬಳಕೆಗೂ ಕರುಳಿನ ಉರಿಯೂತಕ್ಕೂ ನಂಟು ಕಂಡುಬಂದಿದೆ. ಅಮ್ಮನ ಕರುಳು ಕೆಟ್ಟದ್ದು ಅದರಿಂದಲೇ ಎಂದು ಹೇಳಲು ಬರುವುದಿಲ್ಲ. ಜೋಡಿ ಔಷಧಿಯೊಂದೇ ಸಾಕಿತ್ತು. ಆದರೆ ಕೇಸ್ ಶೀಟಿನ ‘ಇತರ ಔಷಧಿಗಳು’ ಎಂಬ ಸಾಲಿನಲ್ಲಿ ಬಿಪಿ ಮಾತ್ರೆಯೊಂದೇ ಇತ್ತು. ನಾವು ಕೇಳಿದ್ದು “ಬೇರೆ ಕಾಯಿಲೆಗೆ ಏನಾದರೂ ಔಷಧಿ ತಗೋತೀರಾ?” ಎಂದು. ಐಬುಪ್ರೊಫೇನ್ ಬೇರೆ ಕಾಯಿಲೆಗಲ್ಲ, ಇದಕ್ಕೇ ಎಂದು ಅವರ ಲೆಕ್ಕ. ಉತ್ತರ ಸರಿಯಾಗಿಯೇ ಇತ್ತು.

36ರಿಂದ 49ನೇ ದಿನ

36ನೇ ದಿನ ಅಮ್ಮ ನಾಲ್ಕು ಸಲ ಶೌಚಕ್ಕೆ ಹೋದರು. ಮೊದಲು ದಿನಕ್ಕೆ ಒಂದೇ ಸಲ, ಅದೂ ಹೊತ್ತು ತಪ್ಪದೆ. ಮಾರನೇ ದಿನವೂ ಹಾಗೇ ಆಯಿತು. ಮಗಳು ಭೇದಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆ ತಂದುಕೊಟ್ಟಳು, ಎರಡು ಮೂರಕ್ಕೆ ಇಳಿಯಿತು. 42ನೇ ದಿನ ಬೆಳಗ್ಗೆ ಮನೆ ಬಿಡುವ ಮುನ್ನವೂ ಒಂದು ನುಂಗಿಸಿ ಕರೆತಂದಳು.

ಲೊಪೆರಮೈಡ್ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ, ಅಷ್ಟೇ. ಕರುಳಿನ ಗೋಡೆಯೊಳಗೆ ನಡೆಯುತ್ತಿರುವುದನ್ನು ಅದು ಮುಟ್ಟುವುದಿಲ್ಲ. ಸೋಂಕು ಮತ್ತು ಉರಿಯೂತ ಎರಡೂ ಇಲ್ಲವೆಂದು ಖಾತ್ರಿಯಾಗುವ ಮೊದಲು ಅದನ್ನು ಕೊಟ್ಟರೆ ಸಲದ ಲೆಕ್ಕ ಕೆಳಗಿಳಿದು ಕಾಣುತ್ತದೆ, ಕಾಯಿಲೆ ಮಾತ್ರ ತನ್ನ ಪಾಡಿಗೆ ಏರುತ್ತಿರುತ್ತದೆ. ಆ ದಿನದ ರಕ್ತಪರೀಕ್ಷೆಯಲ್ಲಿ ಸುಳಿವು ಇರಲಿಲ್ಲವೆಂದಲ್ಲ. ಪೊಟ್ಯಾಸಿಯಂ ಕೊಂಚ ಕಡಿಮೆ, 3.4; ರಕ್ತದ ಪ್ರೋಟೀನಾದ ಆಲ್ಬುಮಿನ್ ಹಿಂದಿನ ಸಲಕ್ಕಿಂತ ಕೆಳಗೆ; ಉರಿಯೂತದ ಸೂಚಕವಾದ ಸಿಆರ್‌ಪಿ 38. ಸಿಆರ್‌ಪಿ ಏರಿದ್ದನ್ನು ನಾನು ಗಡ್ಡೆಯ ಲೆಕ್ಕಕ್ಕೆ ಬರೆದೆ. ಕ್ಯಾನ್ಸರ್ ರೋಗಿಯ ಪ್ರತಿಯೊಂದು ಏರುಪೇರಿಗೂ ಕ್ಯಾನ್ಸರನ್ನೇ ಹೊಣೆ ಮಾಡುವುದು ನಮ್ಮ ಕೆಟ್ಟ ಅಭ್ಯಾಸ.

ಮೂರನೇ ಡೋಸ್ ಹೋಯಿತು.

47ನೇ ದಿನ ರಾತ್ರಿ ಒಂಬತ್ತು ಸಲ. ರಕ್ತ ಕಂಡಿತು. ಮನೆಗೆ ಹತ್ತಿರದ ಬೇರೊಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿದರು. ಮಗಳು ಅಲ್ಲಿ ಹೇಳಿದ್ದು: “ಕೀಮೋ ನಡೀತಾ ಇದೆ ಡಾಕ್ಟ್ರೇ.” ಡ್ರಿಪ್‌ನಲ್ಲಿ ಹೋಗುವ ಕ್ಯಾನ್ಸರ್ ಔಷಧಿಯನ್ನೆಲ್ಲ ಜನ ಕೀಮೋ ಎಂದೇ ಕರೆಯುತ್ತಾರೆ, ನಮ್ಮ ಸಿಬ್ಬಂದಿಯೂ ಎಷ್ಟೋ ಸಲ ಹಾಗೇ ಅನ್ನುತ್ತಾರೆ. ಆ ಒಂದು ಪದ ಅಲ್ಲಿನ ವೈದ್ಯರ ಯೋಚನೆಯನ್ನು ಬೇರೆ ದಾರಿಗೆ ಹತ್ತಿಸಿತು. ಕೀಮೋ ಪಡೆಯುವವರಿಗೆ ಭೇದಿಯಾದರೆ ಮೊದಲು ಹೆದರುವುದು ಬಿಳಿ ರಕ್ತಕಣ ಕುಸಿದು ಸೋಂಕಾಗಿದೆಯೇ ಎಂದು. ಅವರು ಎಣಿಕೆ ಮಾಡಿಸಿದರು: 9,800. ಕುಸಿದಿಲ್ಲ ಎಂದು ಸಮಾಧಾನಪಟ್ಟರು, ಆ್ಯಂಟಿಬಯಾಟಿಕ್ ಬರೆದರು, ಲೊಪೆರಮೈಡ್ ಮುಂದುವರಿಸಲು ಹೇಳಿ ಕಳಿಸಿದರು. ಅವರನ್ನು ದೂರುವುದು ಸುಲಭ, ಆದರೆ ಅವರಿಗೆ ಸಿಕ್ಕ ಮಾಹಿತಿಯ ಮೇಲೆ ಅವರು ಮಾಡಿದ್ದು ತಪ್ಪಲ್ಲ. ಔಷಧಿಯ ಹೆಸರಿದ್ದ ಕಾರ್ಡನ್ನು ನಾವೇ ಕೊಟ್ಟಿರಲಿಲ್ಲ.

49ನೇ ದಿನ ಬೆಳಗ್ಗೆ ಮಗಳು ಡೇ ಕೇರ್‌ಗೆ ಫೋನ್ ಮಾಡಿದಳು. ಅವತ್ತು ಫೋನ್ ಎತ್ತಿದ ಹಿರಿಯ ನರ್ಸ್ “ಭೇದಿ ಇದೆಯಾ?” ಎಂದು ಕೇಳಲಿಲ್ಲ. ಅವರು ಕೇಳಿದ್ದು ಬೇರೆಯೇ. “ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಇವತ್ತು ಎದ್ದವರೆಗೆ ಎಷ್ಟು ಸಲ ಹೋದರು? ಈ ಔಷಧಿ ಶುರು ಮಾಡೋ ಮೊದಲು ದಿನಕ್ಕೆ ಎಷ್ಟು ಸಲ? ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾಯ್ತಾ? ನಿಲ್ಲಿಸೋಕೆ ಮಾತ್ರೆ ಏನಾದ್ರೂ ಕೊಟ್ರಾ?” ಮಗಳು ಒಂದು ಕ್ಷಣ ಸುಮ್ಮನಾದಳು. ಆಮೇಲೆ ಕ್ಯಾಲೆಂಡರ್ ತಂದು ಓದತೊಡಗಿದಳು. 36ನೇ ದಿನದಿಂದ ಪ್ರತಿ ತಾರೀಕಿನ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಒಂದೊಂದು ಸಂಖ್ಯೆ ಬರೆದಿಟ್ಟಿದ್ದಳು. ಬೇಕಿದ್ದ ಮಾಹಿತಿಯೆಲ್ಲ ಅಲ್ಲಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ.

ನರ್ಸ್ ಫೋನಿಡುವ ಮೊದಲೇ ನನಗೆ ಸನ್ನೆ ಮಾಡಿದರು: ಅಡ್ಮಿಷನ್.

ವಾರ್ಡಿನಲ್ಲಿ

ನಾಡಿ 112, ಪೊಟ್ಯಾಸಿಯಂ 2.9, ಸಿಆರ್‌ಪಿ 142, ಆಲ್ಬುಮಿನ್ 2.6. ಹಿಂದಿನ 24 ಗಂಟೆಯಲ್ಲಿ 11 ಸಲ. ಮಾಮೂಲಿಗಿಂತ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ಏರಿದರೆ ಅದು ತೀವ್ರತೆಯಲ್ಲಿ ಮೂರನೇ ದರ್ಜೆ. ‘ಮಾಮೂಲಿಗಿಂತ’ ಎನ್ನುವುದನ್ನು ಬಿಟ್ಟು ದರ್ಜೆ ಹೇಳಲು ಬರುವುದಿಲ್ಲ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ದೊಡ್ಡ ಕರುಳಿನ ಗೋಡೆ ಉದ್ದಕ್ಕೂ ದಪ್ಪಗಾಗಿತ್ತು. ತೂತು ಬಿದ್ದಿರಲಿಲ್ಲ. ಈ ಕಾಯಿಲೆಯಲ್ಲಿ ಜೀವಕ್ಕೆ ಎರವಾಗುವುದು ಮುಖ್ಯವಾಗಿ ಕರುಳು ತೂತಾಗುವುದರಿಂದ, ಹಾಗಾಗಿ ಮೊದಲ ದಿನವೇ ಸರ್ಜನ್‌ರನ್ನು ಕರೆಸಿ ತೋರಿಸಿದ್ದೆವು.

ಮೊದಲ ತೀರ್ಮಾನ: ಮಲದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಯ ವರದಿ ಬರುವವರೆಗೆ ಕಾಯಬೇಕೇ? ಸೋಂಕಿದ್ದರೆ, ಉರಿಯೂತ ತಣಿಸಲು ಕೊಡುವ ಸ್ಟೀರಾಯ್ಡ್ ಅದನ್ನು ಕೆರಳಿಸಬಹುದು. ಕಾಯುತ್ತಾ ಕೂತರೆ ಕರುಳು ಕಾಯುವುದಿಲ್ಲ. ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಎಂಬ ಕರುಳಿನ ಬ್ಯಾಕ್ಟೀರಿಯಾದ ವಿಷದ ಪರೀಕ್ಷೆ ಅದೇ ಸಂಜೆ ಇಲ್ಲವೆಂದು ಬಂತು. ಉಳಿದದ್ದಕ್ಕೆ ಕಾಯದೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅನ್ನು ದೇಹತೂಕದ ಪ್ರತಿ ಕಿಲೋಗೆ 2 ಮಿ.ಗ್ರಾಂನಂತೆ ಶುರು ಮಾಡಿದೆವು. ಈ ತೀರ್ಮಾನದ ಬಗ್ಗೆ ನನಗೆ ಈಗಲೂ ಅಳುಕಿಲ್ಲ.

ಅಳುಕಿರುವುದು ಅದರ ಜೊತೆಗೇ ಮರೆತ ಒಂದು ಸಣ್ಣ ಕೆಲಸದ ಬಗ್ಗೆ. ಮೂರನೇ ದರ್ಜೆಯ ರೋಗಿಯಲ್ಲಿ ಸ್ಟೀರಾಯ್ಡ್ ಸೋಲಬಹುದು, ಸೋತರೆ ಇನ್‌ಫ್ಲಿಕ್ಸಿಮಾಬ್ ಬೇಕಾಗಬಹುದು ಎಂದು ಮೊದಲ ದಿನವೇ ಊಹಿಸಬಹುದಿತ್ತು. ಇನ್‌ಫ್ಲಿಕ್ಸಿಮಾಬ್ ಟಿಎನ್‌ಎಫ್ ಎಂಬ ಸಂಕೇತವನ್ನು ತಡೆಯುತ್ತದೆ. ದೇಹದಲ್ಲಿ ಮಲಗಿರುವ ಕ್ಷಯದ ಬ್ಯಾಕ್ಟೀರಿಯಾವನ್ನು ಕಟ್ಟಿಹಾಕಿರುವುದೂ ಅದೇ ಟಿಎನ್‌ಎಫ್. ಆದ್ದರಿಂದ ಕೊಡುವ ಮೊದಲು ಕ್ಷಯದ ರಕ್ತಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು. ಹೆಪಟೈಟಿಸ್‌ನದ್ದು ತೆಗೆದೆವು. ಕ್ಷಯದ್ದು ನೆನಪಾದದ್ದು ಎರಡನೇ ದಿನ, ಅಷ್ಟರಲ್ಲಿ ಸ್ಟೀರಾಯ್ಡ್ ಎರಡು ಸಲ ಹೋಗಿತ್ತು. ಆ ಪರೀಕ್ಷೆ ನಿಂತಿರುವುದೇ ಟಿ ಕೋಶಗಳು ಪ್ರತಿಕ್ರಿಯಿಸುತ್ತವೆಯೇ ಎಂಬುದರ ಮೇಲೆ. ನಾವು ಸ್ಟೀರಾಯ್ಡ್ ಕೊಟ್ಟು ಮಂಕು ಮಾಡಿದ್ದು ಅವೇ ಕೋಶಗಳನ್ನು. ವರದಿ ಬಂದದ್ದು ‘ಇದೆ’ ಎಂದೂ ಅಲ್ಲ, ‘ಇಲ್ಲ’ ಎಂದೂ ಅಲ್ಲ, ‘ನಿರ್ಧರಿಸಲಾಗದು’ ಎಂದು. ಸ್ಟೀರಾಯ್ಡ್‌ಗೆ ಮೊದಲು ಒಂದೇ ಒಂದು ಟ್ಯೂಬ್ ರಕ್ತ ತೆಗೆದಿಟ್ಟಿದ್ದರೆ ಮುಂದಿನ ಮೂರು ದಿನದ ಚರ್ಚೆ ಬೇಕಾಗುತ್ತಿರಲಿಲ್ಲ.

ಎರಡನೇ ದಿನ ಸಿಗ್ಮಾಯ್ಡೋಸ್ಕೋಪಿ, ಅಂದರೆ ದೊಡ್ಡ ಕರುಳಿನ ಕೊನೆಯ ಭಾಗವನ್ನು ಕ್ಯಾಮೆರಾ ನಳಿಕೆ ಹಾಕಿ ನೋಡುವುದು. ಆಳವಾದ ಹುಣ್ಣುಗಳು. ಇಂಥ ಹುಣ್ಣು ಕಂಡರೆ ಸ್ಟೀರಾಯ್ಡ್‌ಗೆ ಬಗ್ಗದಿರುವ ಸಾಧ್ಯತೆ ಹೆಚ್ಚು. ಹುಣ್ಣಿನ ಅಂಚಿನಿಂದಲೂ, ಮೇಲ್ನೋಟಕ್ಕೆ ಸರಿ ಕಂಡ ಜಾಗದಿಂದಲೂ ಬಯಾಪ್ಸಿ ತೆಗೆದರು. ಕಣ್ಣಿಗೆ ಸರಿ ಕಂಡ ಜಾಗದಲ್ಲೂ ಸೂಕ್ಷ್ಮದರ್ಶಕದಡಿ ಉರಿಯೂತ ಇರುತ್ತದೆ; ಅಮ್ಮನಲ್ಲೂ ಇತ್ತು. ಕರುಳನ್ನು ಹೀಗೇ ಕೆಡಿಸಬಲ್ಲ ಸೈಟೊಮೆಗಾಲೊ ವೈರಸ್ ಇರಲಿಲ್ಲ. ಕಲ್ಚರ್‌ನಲ್ಲೂ ಏನೂ ಬೆಳೆಯಲಿಲ್ಲ.

ಸ್ಟೀರಾಯ್ಡ್‌ನ ಮೂರನೇ ದಿನ 8 ಸಲ. ಐದನೇ ದಿನ 7, ರಕ್ತ ಇನ್ನೂ ಹೋಗುತ್ತಿತ್ತು. ಹನ್ನೊಂದರಿಂದ ಏಳಕ್ಕೆ ಇಳಿದದ್ದನ್ನು ನೋಡಿ ತಂಡದ ಕಿರಿಯರೊಬ್ಬರು “ಇಳೀತಿದೆಯಲ್ಲ ಸರ್, ಇನ್ನೆರಡು ದಿನ ನೋಡೋಣ” ಎಂದರು. ಈ ಮಾತು ಎಲ್ಲ ವಾರ್ಡಿನಲ್ಲೂ ಬರುತ್ತದೆ, ಕೇಳಲು ಹಿತವಾಗಿಯೂ ಇರುತ್ತದೆ. ಆದರೆ ಮೂರರಿಂದ ಐದು ದಿನದೊಳಗೆ ಸ್ಪಷ್ಟವಾಗಿ ಸುಧಾರಿಸದಿದ್ದರೆ ಸ್ಟೀರಾಯ್ಡ್ ಹೆಚ್ಚಿಸುತ್ತಾ ಹೋಗುವ ಬದಲು ಎರಡನೇ ಔಷಧಿ ಸೇರಿಸಬೇಕೆನ್ನುವುದು ಈ ಕಾಯಿಲೆಯ ಪಾಠಗಳಲ್ಲೇ ದುಬಾರಿ ಬೆಲೆ ತೆತ್ತು ಕಲಿತದ್ದು. ಆಳದ ಹುಣ್ಣು, ರಕ್ತ, ಏಳು ಸಲ: ಇದು ಸುಧಾರಣೆಯಲ್ಲ.

ಯಾವ ಔಷಧಿ? ಜಠರ-ಕರುಳಿನ ತಜ್ಞರು ಇನ್‌ಫ್ಲಿಕ್ಸಿಮಾಬ್ ಎಂದರು, ಅದು ಬೇಗ ಕೆಲಸ ಮಾಡುತ್ತದೆ. ನಾನು ವೆಡೊಲಿಜುಮಾಬ್ ಎಂದೆ. ಅದು ಬಿಳಿ ರಕ್ತಕಣಗಳು ಕರುಳಿಗೆ ನುಗ್ಗುವ ಬಾಗಿಲನ್ನಷ್ಟೇ ಮುಚ್ಚುತ್ತದೆ, ಉಳಿದ ದೇಹವನ್ನು ಅಷ್ಟಾಗಿ ಮುಟ್ಟುವುದಿಲ್ಲ, ಆದರೆ ನಿಧಾನ. ಅಮ್ಮನ ಎದೆಯ ಸ್ಕ್ಯಾನ್‌ನಲ್ಲಿ ಬಲ ಶ್ವಾಸಕೋಶದ ತುದಿಯಲ್ಲಿ ಹಳೆಯ, ಸುಣ್ಣಗಟ್ಟಿದ ಕಲೆಯೊಂದಿತ್ತು. ಹಿಂದೆಂದೋ ಕ್ಷಯ ಬಂದು ಹೋಗಿರಬಹುದು. ಓದಲಾಗದ ರಕ್ತಪರೀಕ್ಷೆಯ ಜೊತೆ ಈ ಕಲೆಯನ್ನೂ ಇಟ್ಟು ನೋಡಿದಾಗ ತಜ್ಞರು ಒಪ್ಪಿದರು. 300 ಮಿ.ಗ್ರಾಂ ವೆಡೊಲಿಜುಮಾಬ್, ಮತ್ತೆ ಎರಡನೇ ವಾರ, ಆರನೇ ವಾರ. ಒಂದು ಷರತ್ತಿನ ಮೇಲೆ: ದಿನಾ ಬೆಳಗ್ಗೆ ಸರ್ಜನ್ ಹೊಟ್ಟೆ ಮುಟ್ಟಿ ನೋಡಬೇಕು, ಕೆಟ್ಟರೆ ಕ್ಷಯದ ಭಯ ಬದಿಗಿಟ್ಟು ಇನ್‌ಫ್ಲಿಕ್ಸಿಮಾಬ್. ಮೊದಲ ಡೋಸಿನ ಆರನೇ ದಿನ ನಾಲ್ಕು ಸಲಕ್ಕೆ ಇಳಿಯಿತು, ರಕ್ತ ನಿಂತಿತು. 63ನೇ ದಿನ ಮನೆಗೆ ಹೋದರು, ಬಾಯಿಯಿಂದ 60 ಮಿ.ಗ್ರಾಂ ಪ್ರೆಡ್ನಿಸೊಲೋನ್ ಮೇಲೆ. ಇಷ್ಟು ಸ್ಟೀರಾಯ್ಡ್ ಇಷ್ಟು ದಿನ ಹೋಗುವಾಗ ನ್ಯುಮೊಸಿಸ್ಟಿಸ್ ನ್ಯುಮೋನಿಯಾ ಬರದಂತೆ ಕೊ-ಟ್ರೈಮಾಕ್ಸಜೋಲ್ ಜೊತೆಗಿತ್ತು.

ಅಮ್ಮ ಕೇಳಿದ್ದು

ವೆಡೊಲಿಜುಮಾಬ್‌ಗೆ ಸಹಿ ಹಾಕಿಸುವ ಸಂಜೆ ಅಮ್ಮ ಕೇಳಿದರು: “ಇದನ್ನ ತಣಿಸಿದ್ರೆ, ಗಡ್ಡೆ ಜೊತೆ ಹೋರಾಡ್ತಿರೋದೂ ತಣಿದುಹೋಗುತ್ತಲ್ವಾ ಡಾಕ್ಟ್ರೇ?”

ನಾನು ಇಷ್ಟು ವರ್ಷದಲ್ಲಿ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆಗಳಲ್ಲಿ ಇದೊಂದು. ಉತ್ತರ ‘ಹೌದು-ಅಲ್ಲ’ದಲ್ಲಿ ಮುಗಿಯುವಂಥದ್ದಲ್ಲ. ಇಪಿಲಿಮುಮಾಬ್ ಪಡೆದ 298 ಮೆಲನೋಮ ರೋಗಿಗಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅಡ್ಡಪರಿಣಾಮಕ್ಕಾಗಿ ಸ್ಟೀರಾಯ್ಡ್ ಬೇಕಾದವರು ಅದಿಲ್ಲದವರಿಗಿಂತ ಬೇಗ ತೀರಿಕೊಂಡಿರಲಿಲ್ಲ. ಆದರೆ ಪಿಟ್ಯುಟರಿ ಉರಿಯೂತಕ್ಕೆ ಅಗತ್ಯಕ್ಕಿಂತ ದೊಡ್ಡ ಪ್ರಮಾಣದಲ್ಲಿ ಸ್ಟೀರಾಯ್ಡ್ ಪಡೆದವರ ಸ್ಥಿತಿ ಕಡಿಮೆ ಪಡೆದವರಿಗಿಂತ ಕೆಟ್ಟದಾಗಿತ್ತೆಂದು 2018ರ ಇನ್ನೊಂದು ಅಧ್ಯಯನ ಹೇಳಿತು. ಅಂದರೆ ಬೇಕಾದಾಗ ಹಿಂಜರಿಯಬಾರದು, ಬೇಡವಾದಾಗ ಸುರಿಯಬಾರದು. ಕರುಳಿಗಷ್ಟೇ ಸೀಮಿತವಾದ ಔಷಧಿಯತ್ತ ನಾನು ವಾಲಿದ್ದಕ್ಕೆ ಕ್ಷಯದಷ್ಟೇ ಇದೂ ಕಾರಣ. ಅಮ್ಮನಿಗೆ ಹೀಗೇ ಹೇಳಿದೆ. ಕರುಳು ತೂತಾದರೆ ಗಡ್ಡೆಯ ಮಾತೇ ಉಳಿಯುವುದಿಲ್ಲ ಎಂದೂ ಹೇಳಿದೆ.

ಆಗಲೇ ಅವರು ಬಾಯಿಬಿಟ್ಟದ್ದು. “ಭೇದಿ ಅಂದ್ರೆ ಔಷಧಿ ನಿಲ್ಲಿಸ್ತೀನಿ ಅಂದಿದ್ರಲ್ಲ. ಮೂರನೇದು ಹೋಗ್ಲಿ, ಆಮೇಲೆ ಹೇಳೋಣ ಅಂತ ಮಗಳಿಗೂ ನಾನೇ ಬಾಯಿ ಮುಚ್ಚಿಸಿದ್ದೆ.” ಮಗಳು ಕಿಟಕಿಯ ಕಡೆ ತಿರುಗಿ ನಿಂತಳು.

ರೋಗಿ ಸುಳ್ಳು ಹೇಳಿದರು ಎಂದು ಇದನ್ನು ದಾಖಲಿಸಬಹುದಿತ್ತು. ನಾನು ಬರೆದದ್ದು ಬೇರೆ: ನಾವು ಕೊಟ್ಟ ಮಾಹಿತಿಯ ಪ್ರಕಾರ ಮರೆಮಾಚುವುದೇ ಅವರಿಗೆ ಲಾಭವಾಗಿ ಕಂಡಿತ್ತು. ಅಡ್ಡಪರಿಣಾಮದಿಂದಾಗಿ ಮೊದಲ ಡೋಸುಗಳಲ್ಲೇ ಈ ಜೋಡಿಯನ್ನು ನಿಲ್ಲಿಸಬೇಕಾಗಿ ಬಂದವರು ಮುಂದುವರಿಸಿದವರಷ್ಟೇ ಚೆನ್ನಾಗಿ ಬದುಕಿದ್ದಾರೆಂದು 2017ರಲ್ಲೇ ಎರಡು ಪ್ರಯೋಗಗಳ ಮಾಹಿತಿ ಒಟ್ಟುಗೂಡಿಸಿ ತೋರಿಸಿದ್ದರು. ಆ ಸಂಗತಿ ನನಗೆ ಮೊದಲ ದಿನವೇ ಗೊತ್ತಿತ್ತು. ಮುಕ್ಕಾಲು ಗಂಟೆಯ ಮಾತಿನಲ್ಲಿ ನೊಬೆಲ್ ಪ್ರಶಸ್ತಿಗೆ ಜಾಗ ಸಿಕ್ಕಿತ್ತು, ಇದಕ್ಕೆ ಸಿಕ್ಕಿರಲಿಲ್ಲ.

ಸ್ಟೀರಾಯ್ಡ್ ಇಳಿಸುವಾಗ

84ನೇ ದಿನದ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಗಂಟುಗಳು ಅರ್ಧಕ್ಕಿಂತ ಹೆಚ್ಚು ಕುಗ್ಗಿದ್ದವು. ಎಲ್ಲರೂ ಉಸಿರುಬಿಟ್ಟೆವು. ಪ್ರೆಡ್ನಿಸೊಲೋನ್ ವಾರವಾರ ಇಳಿಯುತ್ತಾ 5 ಮಿ.ಗ್ರಾಂಗೆ, ಅಲ್ಲಿಂದ 2.5ಕ್ಕೆ ಬಂತು. ಆ ವಾರ ಅಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ. ತಲೆನೋವು, ವಾಕರಿಕೆ, ಮಾತೂ ಬೇಡ ಎನ್ನುವಷ್ಟು ಸುಸ್ತು. ಕ್ಯಾನ್ಸರ್ ಮಿದುಳಿಗೆ ಹೋಗಿದೆ ಎಂದು ಮನೆಯವರು ಅಂದುಕೊಂಡರು. ಕರುಳು ಮತ್ತೆ ಕೆಟ್ಟಿತೇ ಎಂದು ನಾವು ಅಂದುಕೊಂಡೆವು. ಈ ಸಲ ಎಷ್ಟು ಸಲ ಎಂದು ಕೇಳಿದರೆ, ಒಂದೇ.

ಸೋಡಿಯಂ ಕಡಿಮೆ, 126. ಥೈರಾಯ್ಡ್‌ನ ಹಾರ್ಮೋನಾದ ಥೈರಾಕ್ಸಿನ್ ಕಡಿಮೆ, ಅದನ್ನು ಎಬ್ಬಿಸಲು ಪಿಟ್ಯುಟರಿ ಕಳಿಸಬೇಕಾದ ಟಿಎಸ್‌ಎಚ್ ಕೂಡ ಕಡಿಮೆ. ಥೈರಾಯ್ಡ್ ತಾನೇ ಕೆಟ್ಟಿದ್ದರೆ ಟಿಎಸ್‌ಎಚ್ ಏರಬೇಕಿತ್ತು. ಎರಡೂ ಕೆಳಗಿದ್ದರೆ ಮೇಲಿನ ಅಧಿಕಾರಿಯೇ, ಅಂದರೆ ಪಿಟ್ಯುಟರಿಯೇ ಮಲಗಿದೆಯೆಂದು ಅರ್ಥ. ಇಪಿಲಿಮುಮಾಬ್ ಪಿಟ್ಯುಟರಿಯನ್ನೂ ಮುಟ್ಟಿತ್ತು. ಕರುಳಿಗೆಂದು ಕೊಟ್ಟ ಸ್ಟೀರಾಯ್ಡ್ ಎರಡು ತಿಂಗಳು ಅದನ್ನು ಮುಚ್ಚಿಟ್ಟಿತ್ತು. ಎಂಆರ್‌ಐನಲ್ಲಿ ಮಿದುಳಿನ ಗಡ್ಡೆ ಇರಲಿಲ್ಲ. ದೇಹದ ಕಾರ್ಟಿಸೋಲ್ ಹಾರ್ಮೋನಿಗೆ ಬದಲಾಗಿ ಕೊಡುವ ಹೈಡ್ರೋಕಾರ್ಟಿಸೋನ್ ಶುರು ಮಾಡಿ, ಕೆಲವು ದಿನ ಬಿಟ್ಟು ಥೈರಾಕ್ಸಿನ್ ಕೊಟ್ಟೆವು. ಈ ಕ್ರಮ ತಿರುಗಾಮುರುಗಾ ಆಗುವಂತಿಲ್ಲ: ಕಾರ್ಟಿಸೋಲ್ ಇಲ್ಲದ ದೇಹಕ್ಕೆ ಮೊದಲು ಥೈರಾಕ್ಸಿನ್ ಕೊಟ್ಟರೆ ರೋಗಿ ಕುಸಿದುಬೀಳಬಹುದು. ಎರಡನೇ ದಿನಕ್ಕೆ ಅಮ್ಮ ಎದ್ದು ಕೂತರು. ಸ್ಟೀರಾಯ್ಡ್ ನಿಲ್ಲಿಸುವ ಸುಸ್ತೆಂದು ‘ಸ್ವಲ್ಪ ದಿನ ಹಾಗೇ ಇರುತ್ತೆ’ ಎಂದು ಫೋನಿನಲ್ಲೇ ಹೇಳಿ ಮುಗಿಸುವ ಸಾಧ್ಯತೆ ಎಷ್ಟಿತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮತ್ತೆ ಶುರು ಮಾಡಬೇಕೇ?

ಮೂರನೇ ದರ್ಜೆಯ ಕೊಲೈಟಿಸ್ ಆದ ಮೇಲೆ ಇಪಿಲಿಮುಮಾಬ್ ಇನ್ನು ಇಲ್ಲವೆಂಬುದರಲ್ಲಿ ಚರ್ಚೆ ಇರಲಿಲ್ಲ. ನಿವೊಲುಮಾಬ್ ಒಂದನ್ನೇ ಮುಂದುವರಿಸಬಹುದಿತ್ತು. ಕೊಲೈಟಿಸ್ ಆದ ನಂತರ ಈ ವರ್ಗದ ಔಷಧಿಯನ್ನು ಮತ್ತೆ ಪಡೆದ 167 ಮಂದಿಯ ವರದಿ 2019ರಲ್ಲಿ ಬಂದಿದೆ. ಸುಮಾರು ಮೂರನೇ ಒಂದು ಪಾಲು ಜನರಲ್ಲಿ ಕರುಳು ಮತ್ತೆ ಕೆಟ್ಟಿತು. ಗಡ್ಡೆ ಬೆಳೆಯುತ್ತಿದ್ದರೆ ನಾನು ಆ ಅಪಾಯಕ್ಕೆ ಒಪ್ಪುತ್ತಿದ್ದೆ. ಕುಗ್ಗುತ್ತಿದ್ದುದರಿಂದ ಕಾಯೋಣ ಎಂದೆ. ಅಮ್ಮನಿಗೆ ಇದು ಸಮ್ಮತವಾಗಲು ಮೂರು ಭೇಟಿ ಬೇಕಾಯಿತು. ಚಿಕಿತ್ಸೆ ಇಲ್ಲದೆ ಬರೀ ಸ್ಕ್ಯಾನ್‌ಗೆ ಬರುವುದು ಕೈಬಿಟ್ಟಂತೆ ಅವರಿಗೆ ಅನಿಸುತ್ತಿತ್ತು. 24ನೇ ವಾರದ ಸ್ಕ್ಯಾನ್‌ನಲ್ಲಿ ಗಂಟುಗಳು ಇನ್ನಷ್ಟು ಚಿಕ್ಕದಾದವು, ಕಂಕುಳ ಗ್ರಂಥಿ ಮಾಮೂಲಿ ಗಾತ್ರಕ್ಕೆ ಬಂತು. ಆಮೇಲೆ ಆ ಮಾತು ಎತ್ತಲಿಲ್ಲ.

ನಮ್ಮಲ್ಲಿ ಬದಲಾದದ್ದು

ಡೇ ಕೇರ್‌ನ ಫಾರಂನಿಂದ ‘ಭೇದಿ: ಇದೆ/ಇಲ್ಲ’ ಎಂಬ ಸಾಲು ಹೋಯಿತು. ಅದರ ಜಾಗದಲ್ಲಿ ಎರಡು ಖಾಲಿ ಚೌಕ: ಚಿಕಿತ್ಸೆಗೆ ಮೊದಲು ದಿನಕ್ಕೆ ಎಷ್ಟು ಸಲ, ನಿನ್ನೆ ಎಷ್ಟು ಸಲ. ಕೆಳಗೆ, ರಾತ್ರಿ ಎದ್ದಿರಾ, ನಿಲ್ಲಿಸಲು ಏನಾದರೂ ನುಂಗಿದಿರಾ. ಸಂಖ್ಯೆ ಕೇಳಿದಾಗ ಜನ ಸಂಖ್ಯೆ ಹೇಳುತ್ತಾರೆ. ‘ಇದೆಯಾ’ ಎಂದು ಕೇಳಿದಾಗ ನಮಗೆ ಬೇಕೆನಿಸುವ ಉತ್ತರ ಹೇಳುತ್ತಾರೆ. ‘ಇತರ ಔಷಧಿಗಳು’ ಎಂಬುದಕ್ಕೆ ಬದಲು ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ತನ್ನಿ ಎನ್ನುತ್ತೇವೆ. ಚೀಲದಿಂದ ಹೊರಬರುವುದನ್ನು ನೋಡಿ ದಿನಾ ಬೆರಗಾಗುತ್ತೇನೆ.

‘ಇದು ಕೀಮೋ ಅಲ್ಲ’ ಎಂಬ ಸಾಲು ಮೇಲೆಯೇ ದಪ್ಪಕ್ಷರದಲ್ಲಿರುವ ಕಾರ್ಡೊಂದನ್ನು ಎಲ್ಲರಿಗೂ ಕೊಡುತ್ತೇವೆ. ಸ್ಟೀರಾಯ್ಡ್‌ಗೆ ಮೊದಲು ತೆಗೆಯಬೇಕಾದ ರಕ್ತದ ಪಟ್ಟಿ ವಾರ್ಡಿನ ಔಷಧಿ ಕಪಾಟಿನ ಬಾಗಿಲಿಗೆ ಅಂಟಿದೆ. ನರ್ಸ್ ವಾರಕ್ಕೊಮ್ಮೆ ತಾವೇ ಫೋನ್ ಮಾಡುತ್ತಾರೆ. ಈ ಕೊನೆಯದಕ್ಕೆ ಆಡಳಿತದಿಂದ ಒಪ್ಪಿಗೆ ಸಿಗುವುದು ಕಷ್ಟವಾಯಿತು, ಅದಕ್ಕೊಬ್ಬರ ಸಮಯ ಬೇಕಲ್ಲ. ಆಗ ನೆರವಾದದ್ದು 766 ಮಂದಿ ಕ್ಯಾನ್ಸರ್ ರೋಗಿಗಳ ಒಂದು ಪ್ರಯೋಗ: ತಮ್ಮ ತೊಂದರೆಗಳನ್ನು ನಿಯಮಿತವಾಗಿ ತಾವೇ ದಾಖಲಿಸಿ, ಕೆಟ್ಟಾಗ ನರ್ಸ್‌ಗೆ ಸಂದೇಶ ಹೋಗುತ್ತಿದ್ದವರು ಮಧ್ಯಾಂಕ 31.2 ತಿಂಗಳು ಬದುಕಿದರು, ಮಾಮೂಲಿ ಆರೈಕೆಯವರು 26. ಈ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಐದು ತಿಂಗಳ ಲಾಭ ಕೊಡುವ ಹೊಸ ಔಷಧಿ ಬಂದರೆ ಯಾವ ಆಡಳಿತವೂ ಸಮಯವಿಲ್ಲ ಎನ್ನುವುದಿಲ್ಲ ಎಂದೆ. ಅದು ಸ್ವಲ್ಪ ಒರಟಾದ ಮಾತೇ, ಆದರೂ ಕೆಲಸ ಮಾಡಿತು.

ಮೊದಲ ದಿನದ ನನ್ನ ಮಾತೂ ಬದಲಾಗಿದೆ. ಈಗ ಹೇಳುವುದು: “ಹೊಟ್ಟೆ ಕೆಟ್ಟ ದಿನವೇ ಹೇಳಿದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಸಿ, ಇದನ್ನು ಮುಂದುವರಿಸುವ ಸಾಧ್ಯತೆ ಹೆಚ್ಚು. ನಿಲ್ಲಿಸಬೇಕಾಗಿ ಬಂದರೂ ಇಲ್ಲಿಯವರೆಗೆ ಕೊಟ್ಟದ್ದು ವ್ಯರ್ಥವಾಗುವುದಿಲ್ಲ.” ಎರಡೂ ನಿಜ.

ಅಮ್ಮ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್‌ಗೆ ಬರುತ್ತಾರೆ. ಹೈಡ್ರೋಕಾರ್ಟಿಸೋನ್ ಬಹುಶಃ ಜೀವನಪೂರ್ತಿ ಬೇಕು. ಜ್ವರ ಬಂದರೆ ದುಪ್ಪಟ್ಟು ಮಾಡಬೇಕೆಂಬುದು ಮಗಳಿಗೆ ಬಾಯಿಪಾಠ. ಹೋದ ಸಲ ಅವಳು ಹೊಸ ವರ್ಷದ ಕ್ಯಾಲೆಂಡರ್ ತಂದಿದ್ದಳು. ಮೂಲೆಗಳಲ್ಲಿ ಪೆನ್ಸಿಲಿನ ಸಂಖ್ಯೆಗಳು ಜನವರಿಯ ಮಧ್ಯದವರೆಗೆ ಇವೆ. ಆಮೇಲೆ ಬರೆಯುವುದನ್ನು ಮರೆತಿದ್ದಾಳೆ.